ನಗದೆ ನಗಿಸುವ ಮಟ್ಟು

ತಾವು ಹುಟ್ಟಿದ ಚಲನಚಿತ್ರವನ್ನು ನೋಡದವರಿಗೂ, ತಮ್ಮನ್ನು ರಚಿಸಿದವರ ಹೆಸರನ್ನೇ ಕೇಳದವರಿಗೂ, ಮೊದಲ ಎರಡು ಸ್ವರಗಳಲ್ಲಿಯೇ ಗುರುತು ಸಿಕ್ಕಿಬಿಡುವಂತಹ ಕೆಲವು ಮಟ್ಟುಗಳು ಪ್ರಪಂಚದಲ್ಲಿ ಉಂಟು. ಹೆನ್ರಿ ಮ್ಯಾನ್ಸಿನಿ ಎಂಬ ಅಮೆರಿಕದ ಸಂಗೀತಗಾರರು 1963ರ ‘ದ ಪಿಂಕ್ ಪ್ಯಾಂಥರ್’ ಎಂಬ ಚಿತ್ರಕ್ಕಾಗಿ ರಚಿಸಿದ ಶೀರ್ಷಿಕಾ ಸಂಗೀತ ಅವುಗಳಲ್ಲೊಂದು. ಮಕ್ಕಳು ಅದನ್ನು ಕೇಳಿದೊಡನೆ ತುದಿಗಾಲಿನಲ್ಲಿ ನಡೆಯತೊಡಗುತ್ತಾರೆ. ದೊಡ್ಡವರ ಮುಖ ತಾನಾಗಿ ಅರಳುತ್ತದೆ. ಇಷ್ಟು ಸುಲಭವಾಗಿ ಸಂತೋಷವನ್ನು ಹಂಚುವ ಈ ಮಟ್ಟು ನುಡಿಸುವವನಿಂದ ಎಷ್ಟು ಕಠಿಣವಾದ ಸಂಯಮವನ್ನು ಬೇಡುತ್ತದೆ ಎಂಬುದನ್ನು ನಾನು ನನ್ನ ಯೌವನದಲ್ಲಿ, ಮಂಗಳೂರಿನಲ್ಲಿ, ಒಬ್ಬ ಹಿರಿಯ ಬ್ಯಾಂಡ್ ಮಾಸ್ಟರರ ಬಳಿ ಸ್ಯಾಕ್ಸೋಫೋನ್ ಕಲಿಯುತ್ತಿದ್ದ ಕಾಲದಲ್ಲಿ ತಿಳಿದುಕೊಂಡೆ. ಅಂದು ತಿಳಿದದ್ದು ಸಂಗೀತಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಾಗಿರಲಿಲ್ಲವೆಂದು ಈಗ ತೋರುವುದರಿಂದ, ಅದನ್ನಿಲ್ಲಿ ಸಾವಧಾನವಾಗಿ ನೆನೆದುಕೊಳ್ಳುತ್ತಿದ್ದೇನೆ.

ಕರಾವಳಿಯವರಾದ ನಮಗೆ ಸ್ಯಾಕ್ಸೋಫೋನ್ ಪರಕೀಯವೆಂದು ಅನ್ನಿಸುವುದಿಲ್ಲ. ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ನೆಲೆಸಿ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಸೈನ್ಯದ ಬ್ಯಾಂಡುಗಳ ಮೂಲಕ ದೇಶದೇಶಗಳನ್ನು ಸುತ್ತಿ, ಮೈಸೂರು ಅರಮನೆಯ ಬ್ಯಾಂಡಿನವರೆಗೂ ಬಂದಿತ್ತು. ಬಂಟ್ವಾಳ ತಾಲೂಕಿನ ನಾಗಸ್ವರ ವಾದಕರ ಮನೆಯಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಅರಮನೆಯ ಆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ, ಅದರ ನಾದಕ್ಕೆ ಮನಸೋತು, ದೀರ್ಘಕಾಲದ ಸಾಧನೆಯಿಂದ ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದರು. ಅವರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದೂ, 2004ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದದ್ದೂ ಎಲ್ಲರಿಗೂ ತಿಳಿದ ವಿಷಯ. ಅವರ ಪ್ರಭಾವದಿಂದ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಯ ದಿಬ್ಬಣಗಳಲ್ಲಿ, ಭೂತಕೋಲದ ಅಂಗಳಗಳಲ್ಲಿ ಕೂಡ ಈ ಹಿತ್ತಾಳೆಯ ವಾದ್ಯ ಮೊಳಗತೊಡಗಿತು. ಇನ್ನೊಂದು ಕಡೆ, ಕೊಂಕಣಿ ಮಾತನಾಡುವ ಕ್ರೈಸ್ತ ಬಂಧುಗಳ ಮದುವೆಗಳಲ್ಲಿ ನುಡಿಸುವ ಬ್ಯಾಂಡುಗಳು ವಾಲ್ಟ್ಸ್ ಮೊದಲಾದ ಪಾಶ್ಚಾತ್ಯ ನೃತ್ಯಗತಿಗಳೊಡನೆ ಅದನ್ನು ಮೊದಲಿನಿಂದಲೂ ಬಳಸಿಕೊಂಡು ಬಂದಿದ್ದವು. ನನ್ನ ಮಾಸ್ಟರರು ಈ ಎರಡನೆಯ ಪರಂಪರೆಗೆ ಸೇರಿದವರು. ಇಗರ್ಜಿಯ ಮೆರವಣಿಗೆಗಳಲ್ಲಿಯೂ ಮದುವೆಯ ಸಭಾಂಗಣಗಳಲ್ಲಿಯೂ ಬಾಳೆಲ್ಲ ನುಡಿಸಿ, ಇಳಿವಯಸ್ಸಿನಲ್ಲಿ ಕಂಕನಾಡಿಯ ಸಮೀಪದ ತಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ನಮ್ಮಂತಹ ಕೆಲವರಿಗೆ ಪಾಠ ಹೇಳುತ್ತಿದ್ದರು.

1980ರ ದಶಕದ ಆದಿಭಾಗವದು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಊರಿಗೆ ಬರುವಾಗ ಟೇಪ್ ರೆಕಾರ್ಡರುಗಳನ್ನೂ ಕ್ಯಾಸೆಟ್ಟುಗಳನ್ನೂ ತರುತ್ತಿದ್ದ ಕಾಲ. ಮಾಸ್ಟರರ ಅಳಿಯ ತಂದುಕೊಟ್ಟ ಅಂತಹ ಒಂದು ಕ್ಯಾಸೆಟ್ಟಿನಲ್ಲಿ ಹಲವು ಚಲನಚಿತ್ರಗಳ ವಾದ್ಯಸಂಗೀತವಿತ್ತು. ಅವುಗಳ ನಡುವೆ ಈ ಮಟ್ಟು. ಮಂದ್ರದಲ್ಲಿ ಸಮಾನಾಂತರ ಪಂಚಮಗಳು ಅರ್ಧಸ್ವರದ ಅಂತರದಲ್ಲಿ ಮೆಲ್ಲನೆ ಜರುಗಿ ಏನೋ ನಡೆಯಲಿದೆಯೆಂಬ ನಿರೀಕ್ಷೆಯನ್ನು ಹುಟ್ಟಿಸಿದವು; ಅನಂತರ ಟೆನರ್ ಸ್ಯಾಕ್ಸೋಫೋನ್ ಪ್ರವೇಶಿಸಿತು. ಉಸಿರಿನ ಸುಳಿವು ಬೆರೆತ, ತುಸು ಒರಟಾದ, ಆದರೆ ಯಾವ ಆತುರವೂ ಇಲ್ಲದ ಆ ನಾದವನ್ನು ಕೇಳಿದಾಗ ಜಗಲಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಗಳೆಲ್ಲರೂ ನಕ್ಕೆವು. ಮಾಸ್ಟರರು ಮಾತ್ರ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿ, ಕಾಗದದ ಮೇಲೆ ಐದು ಗೆರೆಗಳನ್ನೆಳೆದು ನೊಟೇಶನ್ ಬರೆಯತೊಡಗಿದರು.

ನಮ್ಮ ತಂದೆಯವರಿಗೆ ಕರ್ನಾಟಕ ಸಂಗೀತದ ಪರಿಚಯ ಚೆನ್ನಾಗಿದ್ದುದರಿಂದ ನನಗೂ ಸ್ವರಜ್ಞಾನ ಸ್ವಲ್ಪಮಟ್ಟಿಗೆ ಇತ್ತು. ಆ ಕಾಗದವನ್ನು ಮನೆಗೆ ತಂದು ನಮ್ಮ ಸ್ವರಗಳಲ್ಲಿ ಬಿಡಿಸಿ ನೋಡಿದಾಗ ಅದರ ರಚನಾಕೌಶಲ ಕಣ್ಣಿಗೆ ಕಟ್ಟಿತು. ಕಾಕಲಿ ನಿಷಾದದಿಂದ ಷಡ್ಜಕ್ಕೆ ಒಂದು ಚಿಕ್ಕ ಹೆಜ್ಜೆ, ಒಡನೆಯೇ ವಿರಾಮ. ಚತುಶ್ರುತಿ ರಿಷಭದಿಂದ ಸಾಧಾರಣ ಗಾಂಧಾರಕ್ಕೆ ಅಂತಹದೇ ಇನ್ನೊಂದು ಹೆಜ್ಜೆ, ಮತ್ತೆ ವಿರಾಮ. ಅನಂತರ ಅವೇ ನಾಲ್ಕು ಸ್ವರಗಳು ಒಂದೇ ಉಸಿರಿನಲ್ಲಿ ಓಡಿ, ಶುದ್ಧ ಧೈವತವನ್ನು ಮುಟ್ಟಿ ಪಂಚಮಕ್ಕಿಳಿದು, ಷಡ್ಜ ಗಾಂಧಾರ ಪಂಚಮಗಳೆಂದು ಪುನಃ ಏರಿ, ಇನ್ನೇನು ಪಂಚಮದಲ್ಲಿ ವಿಶ್ರಾಂತಿ ದೊರೆಯಿತೆಂದು ಕಿವಿ ನಂಬುವ ಗಳಿಗೆಯಲ್ಲಿಯೇ ಅರ್ಧಸ್ವರ ಕೆಳಕ್ಕೆ ಜಾರಿ ಪ್ರತಿ ಮಧ್ಯಮದ ಮೇಲೆ ದೀರ್ಘವಾಗಿ ನಿಂತುಬಿಡುತ್ತವೆ. ಹಾಗೆ ನಿಂತು, ಕೇಳುವವನ ಸಹನೆಯನ್ನೆಲ್ಲ ಪರೀಕ್ಷಿಸಿದ ಮೇಲೆ, ಶುದ್ಧ ಮಧ್ಯಮ, ಗಾಂಧಾರ, ಷಡ್ಜ, ಕೈಶಿಕಿ ನಿಷಾದಗಳ ದಾರಿಯಾಗಿ ಮಟ್ಟು ಷಡ್ಜಕ್ಕೆ ಮರಳುತ್ತದೆ. ಎರಡನೆಯ ಬಾರಿ ತಾರಷಡ್ಜದವರೆಗೆ ಏರಿ, ಅಲ್ಲಿಯೂ ಹಾಗೆಯೇ ಅರ್ಧಸ್ವರ ಜಾರಿ ನಿಲ್ಲುತ್ತದೆ. ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಯಾವುದೊಂದರಲ್ಲಿಯೂ ಎರಡು ಮಧ್ಯಮಗಳು ಒಟ್ಟಿಗೆ ಬರುವಂತಿಲ್ಲ. ಇಲ್ಲಿ ಎರಡು ಮಧ್ಯಮಗಳೂ ಎರಡು ನಿಷಾದಗಳೂ ನಿಸ್ಸಂಕೋಚವಾಗಿ ಬಳಿಬಳಿಯಲ್ಲಿವೆ. ಅಮೆರಿಕದ ಕರಿಯ ಜನಾಂಗದ ಬ್ಲೂಸ್ ಸಂಗೀತದಿಂದ ಬಂದ, ನಾವು ಪ್ರತಿ ಮಧ್ಯಮವೆನ್ನುವ ಈ ತಗ್ಗಿದ ಪಂಚಮವು ಆ ಸಂಗೀತದಲ್ಲಿ ಎಷ್ಟೋ ಸಲ ದುಃಖವನ್ನು ಹೊತ್ತು ತರುತ್ತದೆ. ಮ್ಯಾನ್ಸಿನಿಯವರು ಅದನ್ನೇ ಬಳಸಿ ಕೌತುಕವನ್ನು ಹುಟ್ಟಿಸಿದರು. ತಂದೆಯವರಿಗೆ ಹಾಡಿ ತೋರಿಸಿದಾಗ ಅವರು ಪ್ರತಿ ಮಧ್ಯಮದ ಆ ನಿಲುಗಡೆಯನ್ನು ತಾವೂ ಒಮ್ಮೆ ಹಾಡಿ ನೋಡಿ, “ಇದನ್ನು ಕಟ್ಟಿದವನು ಸಾಮಾನ್ಯನಲ್ಲ” ಎಂದರು.

ನಾನು ಅಭ್ಯಾಸ ಮಾಡುತ್ತಿದ್ದದ್ದು ಆಲ್ಟೋ ಸ್ಯಾಕ್ಸೋಫೋನಿನ ಮೇಲೆ. ಈ ಮಟ್ಟನ್ನು ಅದರ ಮೂಲ ಶ್ರುತಿಯಲ್ಲಿ, ಟೆನರಿನ ಅದೇ ಸ್ಥಾಯಿಯಲ್ಲಿ ಆಲ್ಟೋದ ಮೇಲೆ ನುಡಿಸಹೊರಟರೆ ಮೊದಲ ಹೆಜ್ಜೆಯೇ ವಾದ್ಯದ ತಳಭಾಗದ ಸ್ವರಗಳಿಗೆ ಹೋಗುತ್ತದೆ. ಬಲಗೈಯ ಕಿರುಬೆರಳು ಹಿಡಿದ ಸ್ವರದಿಂದ ಎಡಗೈಯ ಕಿರುಬೆರಳಿನ ಸ್ವರಕ್ಕೆ ಜಾರಬೇಕಾಗುತ್ತದೆ. ಕೈಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಬೆರಳುಗಳಿಗೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಬೀಳುವುದನ್ನು ನೋಡಿ ಮಾಸ್ಟರರು ಒಳಗೆ ಹೋಗಿ ತಮ್ಮ ಹಳೆಯ ಟೆನರನ್ನು ಹೊರತಂದರು. ಅದರ ಮೇಲಿನ ಹೊಳಪು ಅವರ ಅಂಗೈ ತಾಗುವ ಕಡೆಯಲ್ಲೆಲ್ಲ ಸವೆದು ಬರಿಯ ಹಿತ್ತಾಳೆ ಕಾಣುತ್ತಿತ್ತು. ಕೆಲವು ಕೀಗಳ ಮೇಲಿನ ಮುತ್ತಿನ ಬಿಲ್ಲೆಗಳು ಮಧ್ಯದಲ್ಲಿ ತಗ್ಗಾಗಿದ್ದವು. ಅವರು ರೀಡನ್ನು ಬಾಯಲ್ಲಿಟ್ಟು ನೆನೆಸಿ, ಬೆಳಕಿಗೆ ಹಿಡಿದು, ತುದಿಯಲ್ಲಿ ನಾರು ಸಮನಾಗಿದೆಯೇ ಎಂದು ನೋಡಿ, ಮೌತ್‌ಪೀಸಿನ ತುದಿಗಿಂತ ಕೂದಲೆಳೆಯಷ್ಟು ಕೆಳಗೆ ಕೂರಿಸಿ ತಿರುಪು ಬಿಗಿದರು. ದೇಹವೆಲ್ಲ ಲೋಹವಾಗಿದ್ದರೂ ಈ ವಾದ್ಯವನ್ನು ಮರದ ಸುಷಿರವಾದ್ಯಗಳ ಗುಂಪಿಗೆ ಸೇರಿಸುವುದು ಈ ರೀಡಿನ ಕಾರಣದಿಂದಲೇ. ಲಾಳದ ಜಾತಿಯ ಗಿಡವೊಂದರ ತೆಳುವಾದ ಪಟ್ಟಿ ಅದು. ಅದರ ತುದಿಯ ಕಂಪನವೇ ಇಷ್ಟು ದೊಡ್ಡ ಕೊಳವೆಯನ್ನೆಲ್ಲ ನಾದದಿಂದ ತುಂಬುತ್ತದೆ.

ಆ ಬಳಿಕ ನಡೆದ ಪಾಠವು ನಾನು ನಿರೀಕ್ಷಿಸಿದ ರೀತಿಯದಾಗಿರಲಿಲ್ಲ. ಮಟ್ಟಿನ ಮೊದಲ ಎರಡು ಸ್ವರಗಳನ್ನು ಮಾತ್ರ ನುಡಿಸಿ ನಿಲ್ಲಿಸಬೇಕೆಂದು ಅವರು ಹೇಳಿದರು; ನಿಲ್ಲಿಸಿದ ಮೇಲೆ ಮೌನವನ್ನು ತಾಳದಲ್ಲಿ ಎಣಿಸಬೇಕು; ಆಮೇಲೆ ಮುಂದಿನ ಎರಡು. ಕೆಳದವಡೆಯನ್ನು ಸಡಿಲಿಸಿ, ಕೆಳತುಟಿಯನ್ನು ರೀಡಿನ ಮೇಲೆ ಮೆತ್ತಗೆ ಇರಿಸಿ, ಹೊಟ್ಟೆಯಿಂದ ಬರುವ ಉಸಿರಿನ ಒತ್ತಡವನ್ನು ಮಾತ್ರ ತಗ್ಗಿಸದೆ ಊದಿದರೆ ಕ್ಯಾಸೆಟ್ಟಿನಲ್ಲಿ ಕೇಳಿದ ಆ ಪಿಸುನಾದ ಹುಟ್ಟುತ್ತದೆ. ಒತ್ತಡ ಕಡಿಮೆಯಾದರೆ ಸ್ವರ ಸಾಯುತ್ತದೆ, ತುಟಿ ಬಿಗಿಯಾದರೆ ಸ್ವರ ಕೀರಲಾಗುತ್ತದೆ. ಗತಿಯಲ್ಲಿಯೂ ಇಂತಹದೇ ಸೂಕ್ಷ್ಮವಿತ್ತು. ಬರೆದಿಟ್ಟಲ್ಲಿ ಸಮವಾಗಿ ಕಾಣುವ ಎರಡು ಸ್ವರಗಳಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ನಮ್ಮ ತಿಶ್ರ ನಡೆಯಲ್ಲಿ ಮೂರು ಮಾತ್ರೆಗಳನ್ನು ಎರಡಕ್ಕೂ ಒಂದಕ್ಕೂ ಹಂಚಿದಂತೆ. ಇದನ್ನು ಅತಿಯಾಗಿ ಮಾಡಿದರೆ ಕುದುರೆಯ ಓಟವಾಗುತ್ತದೆ, ಬಿಟ್ಟರೆ ಕವಾಯತಿನ ನಡೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಬಾಯಿಯ ವಿಷಯದಲ್ಲಿ ಹೇಳಿದರು. ಸ್ಯಾಕ್ಸೋಫೋನನ್ನು ನುಡಿಸುವಾಗ ತುಟಿಗಳ ಎರಡೂ ಅಂಚುಗಳು ಮೌತ್‌ಪೀಸಿನತ್ತ ಒಳಮುಖವಾಗಿ ಕೂಡಿಕೊಂಡಿರಬೇಕು. ನಗು ಬಂದರೆ ಅಂಚುಗಳು ಹೊರಕ್ಕೆ ಎಳೆಯಲ್ಪಡುತ್ತವೆ, ಕೆಳತುಟಿ ತೆಳುವಾಗುತ್ತದೆ, ನಾದದ ಮೈ ಕರಗಿ, ಅಂಚಿನಿಂದ ಗಾಳಿ ಸೋರುತ್ತದೆ. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗರು ಈ ಮಟ್ಟನ್ನು ನುಡಿಸುವಾಗ ಹುಬ್ಬು ಕುಣಿಸಿ, ಸ್ವರಗಳನ್ನು ಎಳೆದಾಡಿ, ಬೇಕೆಂದೇ ವಿಕಾರವಾದ ಧ್ವನಿಗಳನ್ನು ಸೇರಿಸುತ್ತಿದ್ದರು. ಅದನ್ನು ಕಂಡು ಮಾಸ್ಟರರು ನನ್ನ ಕಡೆಗೆ ತಿರುಗಿ, “ನೀನು ನಗುವುದು ಬೇಡ ಮಾರಾಯ, ನಗುವ ಕೆಲಸ ಕೇಳುವವರದ್ದು. ನೀನು ದೊಡ್ಡ ಮನುಷ್ಯನ ಹಾಗೆ ನಡೆ” ಎಂದರು. “ಕಳ್ಳನ ಹಾಗೆ ಅಲ್ಲವೇ ಮಾಸ್ಟ್ರೇ?” ಎಂದು ಯಾರೋ ಕೇಳಿದ್ದಕ್ಕೆ, “ಕಳ್ಳನೇ ಇರಲಿ, ಇವನು ಕೋಟು ಹಾಕಿದ ಕಳ್ಳ” ಎಂಬ ಉತ್ತರ ಬಂತು. ಅವರು ಆ ಚಿತ್ರವನ್ನು ನೋಡಿರಲಿಲ್ಲ. ಸ್ವರಗಳನ್ನು ಮಾತ್ರ ಕೇಳಿ ಹಾಗೆ ಹೇಳಿದ್ದರು.

ಈ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ತಂದೆಯವರು ಯಕ್ಷಗಾನದ ಕಡೆಗೆ ಬೆರಳು ತೋರಿಸಿದರು. ಮೇಳದಲ್ಲಿ ಹಾಸ್ಯಗಾರನಾಗುವವನು ಪ್ರಸಂಗಗಳನ್ನೆಲ್ಲ ಬಲ್ಲವನಾಗಿರಬೇಕು. ಎಲ್ಲ ಬಗೆಯ ಪಾತ್ರಗಳಿಗೂ ಸಮಯಕ್ಕೆ ಸರಿಯಾಗಿ ಉತ್ತರ ಕೊಡಬಲ್ಲವನಾಗಿರಬೇಕು. ಸಭೆ ನಗುವಾಗ ತಾನು ಪಾತ್ರದ ಒಳಗೇ ಇರಬೇಕು. ತಾನು ಹೇಳಿದ ಮಾತಿಗೆ ತಾನೇ ಮೊದಲು ನಕ್ಕ ಹಾಸ್ಯಗಾರನ ಮಾತಿಗೆ ಮತ್ತಾರೂ ನಗುವುದಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯರಸದ ಪ್ರಕರಣವನ್ನು ಓದಿದ್ದ ಅವರು, ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಗಳನ್ನು ಹೇಳಿ, ಮೊದಲ ಎರಡನ್ನು ಉತ್ತಮ ಪ್ರಕೃತಿಯವರಿಗೆ ಮೀಸಲಾಗಿಟ್ಟಿದೆಯೆಂದು ವಿವರಿಸಿದರು. ಕೆನ್ನೆ ತುಸುವೇ ಅರಳಿ, ಹಲ್ಲು ಕಾಣದಂತೆ, ನೋಟದಲ್ಲಿ ಸೌಷ್ಠವವಿರುವ ನಗೆ ಸ್ಮಿತ. ಈ ಮಟ್ಟು ಸ್ಮಿತದ ವರ್ಗಕ್ಕೆ ಸೇರಿದ್ದೆಂದು ನನಗೆ ಅಂದೇ ಖಚಿತವಾಯಿತು. ಅದನ್ನು ಅತಿಹಸಿತವನ್ನಾಗಿ ಮಾಡಿ ನುಡಿಸುವವರು ಅದರ ಜಾತಿಯನ್ನೇ ಬದಲಿಸುತ್ತಾರೆ.

ಮುಂದೆ ಒಂದು ಮದುವೆಯ ಸಂಜೆ ಮಾಸ್ಟರರ ಹಳೆಯ ಬ್ಯಾಂಡಿನವರ ಜೊತೆ ನುಡಿಸುವ ಅವಕಾಶ ನನಗೆ ದೊರೆಯಿತು. ಇಗರ್ಜಿಯ ಸಭಾಂಗಣ, ಕೇಕ್ ಕತ್ತರಿಸಿ ಆಗಿತ್ತು, ವಾಲ್ಟ್ಸುಗಳು ಮುಗಿದು ಅತಿಥಿಗಳು ಊಟಕ್ಕೆ ಏಳುವ ಹೊತ್ತು. ಮಾಸ್ಟರರು ನನಗೆ ಟೆನರನ್ನು ಕೊಟ್ಟು, ತಾವು ಡ್ರಮ್ಮಿನ ಬಳಿಗೆ ಹೋಗಿ ಗತಿಯನ್ನು ಬೆರಳಿನಲ್ಲಿ ತೋರಿಸಿದರು. ಮೊದಲ ಎರಡು ಸ್ವರಗಳನ್ನು ನುಡಿಸಿ ನಿಲ್ಲಿಸಿದಾಗ ಸಭಾಂಗಣದ ಗದ್ದಲ ತಗ್ಗಿತು. ಮುಂದಿನ ಎರಡು ಸ್ವರಗಳಿಗೆ ಕೆಲವರು ತಿರುಗಿ ನೋಡಿದರು. ಕತ್ತಿಗೆ ಬೋ ಕಟ್ಟಿಕೊಂಡ ಪುಟ್ಟ ಬಾಲಕನೊಬ್ಬ ಕುರ್ಚಿಗಳ ಸಾಲಿನ ನಡುವೆ ತುದಿಗಾಲಿನಲ್ಲಿ ಹೊರಟ. ನಾನು ನಿಲ್ಲಿಸಿದಲ್ಲಿ ಅವನೂ ನಿಲ್ಲುತ್ತಿದ್ದ, ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಪ್ರತಿ ಮಧ್ಯಮದ ಆ ದೀರ್ಘಸ್ವರ ಬಂದಾಗ ಅವನು ಎತ್ತಿದ ಕಾಲನ್ನು ಇಳಿಸದೆ, ತೋಳುಗಳನ್ನು ಚಾಚಿ ತೂಗಾಡುತ್ತಾ ನನ್ನ ಮುಖವನ್ನೇ ನೋಡಿದ: ಯಾವಾಗ ಬಿಡುತ್ತೀರಿ ಎಂಬಂತೆ. ಅವನ ಹಿಂದೆ ಇನ್ನಿಬ್ಬರು ಮಕ್ಕಳು, ಅವರ ಹಿಂದೆ ಮದುಮಗನ ಚಿಕ್ಕಪ್ಪನೂ ಸೇರಿಕೊಂಡು ಒಂದು ಮೆರವಣಿಗೆಯೇ ಆಯಿತು. ಸಭಾಂಗಣವೆಲ್ಲ ನಗುತ್ತಿತ್ತು. ನಗು ನನ್ನ ಗಂಟಲಿನವರೆಗೂ ಬಂದಿತ್ತು. ಅದನ್ನು ತುಟಿಗೆ ಬಿಡದೆ ಉಸಿರಿನಲ್ಲಿಯೇ ಇಟ್ಟುಕೊಂಡೆ. ಹಾಗೆ ತಡೆದ ನಗೆಯೇ ನಾದದೊಳಗೆ ಸೇರಿ ಅದಕ್ಕೊಂದು ಬೆಚ್ಚನೆಯ ತುಂಬುವಿಕೆಯನ್ನು ಕೊಟ್ಟದ್ದನ್ನು ನಾನು ಸ್ಪಷ್ಟವಾಗಿ ಅನುಭವಿಸಿದೆ. ಮಾಸ್ಟರರು ಇಷ್ಟು ಕಾಲ ಹೇಳಿಕೊಡುತ್ತಿದ್ದದ್ದು ಇದನ್ನೇ ಎಂದು ದೇಹಕ್ಕೆ ಗೊತ್ತಾದದ್ದು ಆ ಸಂಜೆ.

ಚಿತ್ರವನ್ನು ನಾನು ನೋಡಿದ್ದು ಬಹುಕಾಲದ ಮೇಲೆ, ವೀಡಿಯೋ ಕ್ಯಾಸೆಟ್ಟಿನಲ್ಲಿ. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶಿಸಿದ ಆ ಚಿತ್ರದಲ್ಲಿ ‘ಪಿಂಕ್ ಪ್ಯಾಂಥರ್’ ಎಂಬುದು ಒಂದು ವಜ್ರದ ಹೆಸರು. ಅದರೊಳಗಿನ ಸಣ್ಣ ದೋಷವೊಂದು ನೆಗೆಯುವ ಚಿರತೆಯ ಆಕಾರದಲ್ಲಿ ಕಾಣುವುದರಿಂದ ಆ ಹೆಸರು ಬಂದಿದೆ. ಪೀಟರ್ ಸೆಲ್ಲರ್ಸ್ ಅಭಿನಯಿಸಿದ ಎಡವಟ್ಟು ಪೊಲೀಸ್ ಅಧಿಕಾರಿ ಕ್ಲೂಸೋ ಜನಮನದಲ್ಲಿ ಎಷ್ಟು ಬೇರೂರಿದನೆಂದರೆ, ಈ ಮಟ್ಟು ಅವನದೇ ಎಂದು ಬಹುಮಂದಿ ತಿಳಿಯುತ್ತಾರೆ. ಶೀರ್ಷಿಕೆಯ ಭಾಗದಲ್ಲಿ ಫ್ರಿಜ್ ಫ್ರೆಲೆಂಗರ ಸಂಸ್ಥೆ ಚಿತ್ರಿಸಿದ ಗುಲಾಬಿ ಬಣ್ಣದ ಚಿರತೆಯದು ಎಂದು ಇನ್ನುಳಿದವರು ತಿಳಿಯುತ್ತಾರೆ. ಮ್ಯಾನ್ಸಿನಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವುದು ಬೇರೆ. ಡೇವಿಡ್ ನಿವೆನ್ ಅಭಿನಯಿಸಿದ, ಸಭ್ಯತೆಯ ಮೂರ್ತಿಯಾದ ರತ್ನಚೋರನು ತೆರೆಯ ಮೇಲೆ ಸದ್ದಿಲ್ಲದೆ ಸುಳಿದಾಡುವ ದೃಶ್ಯಗಳಿಗೆಂದು ಅವರು ಇದನ್ನು ಕಲ್ಪಿಸಿಕೊಂಡಿದ್ದರು. ವ್ಯಂಗ್ಯಚಿತ್ರದ ಚಿರತೆ ಆಮೇಲೆ ಅದರ ಲಯಕ್ಕೆ ಹೆಜ್ಜೆ ಹಾಕಿತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಕೋಟು ಹಾಕಿದ ಕಳ್ಳ! ಹಾಲಿವುಡ್ಡಿನಲ್ಲಿ ಒಬ್ಬ ರಚನಕಾರನ ಮನಸ್ಸಿನಲ್ಲಿದ್ದ ಆಕೃತಿಯನ್ನು ಕಂಕನಾಡಿಯ ಜಗಲಿಯಲ್ಲಿ ಕುಳಿತ ಒಬ್ಬ ವೃದ್ಧ ವಾದಕರು ಕೇವಲ ಸ್ವರಗಳ ನಡಿಗೆಯಿಂದ ಕಂಡುಹಿಡಿದಿದ್ದರು. ಮಾಸ್ಟರರು ಅಷ್ಟರಲ್ಲಿ ತೀರಿಕೊಂಡಿದ್ದುದರಿಂದ ಈ ಸಂತೋಷವನ್ನು ಅವರಿಗೆ ತಿಳಿಸಲಾಗಲಿಲ್ಲ. ತಿಳಿದಿದ್ದರೂ ಅವರು ಆಶ್ಚರ್ಯಪಡುತ್ತಿರಲಿಲ್ಲ.

ಮೂಲದ ಧ್ವನಿಮುದ್ರಣದಲ್ಲಿ ಟೆನರನ್ನು ನುಡಿಸಿದವರು ಲೂಸಿಯಾನಾ ಪ್ರಾಂತದಲ್ಲಿ 1931ರಲ್ಲಿ ಹುಟ್ಟಿದ ಪ್ಲಾಸ್ ಜಾನ್ಸನ್. ಮ್ಯಾನ್ಸಿನಿಯವರು ಯಾವ ವಾದಕ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುವ ಸ್ವಭಾವದವರು. ಈ ಮಟ್ಟನ್ನು ಜಾನ್ಸನ್ನರ ನಾದಕ್ಕೆಂದೇ ಬರೆದರು. ಮುದ್ರಣ ಮುಗಿದಾಗ, ಸುಲಭವಾಗಿ ಯಾರನ್ನೂ ಮೆಚ್ಚದ ಪಿಟೀಲು ವಾದಕರೂ ಸೇರಿ ವಾದ್ಯವೃಂದವೆಲ್ಲ ಚಪ್ಪಾಳೆ ತಟ್ಟಿತೆಂದು ಜಾನ್ಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ಈ ರಚನೆಗೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಚಿತ್ರದ ಸಂಗೀತ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಆ ಗೌರವಗಳೆಲ್ಲ ಯೋಗ್ಯವಾದವೇ. ಆದರೆ ಇಂದಿಗೂ ಆ ಧ್ವನಿಮುದ್ರಣವನ್ನು ಕೇಳುವಾಗ ನನ್ನ ಗಮನ ಹೋಗುವುದು ಜಾನ್ಸನ್ನರು ವಿರಾಮಗಳಿಗೆ ಕೊಡುವ ಪೂರ್ಣವಾದ ಬೆಲೆಯ ಕಡೆಗೆ. ಅವರು ಎಲ್ಲಿಯೂ ಮೌನವನ್ನು ಕತ್ತರಿಸುವುದಿಲ್ಲ. ಮುಂದಿನ ಸ್ವರವನ್ನು ಕೇಳುಗನೇ ಬಯಸುವವರೆಗೂ ಕಾಯುತ್ತಾರೆ.

ಈಗ ನನ್ನ ಬಳಿಗೆ ಬರುವ ಎಳೆಯರು ಪಾಠ ಆರಂಭವಾಗುವ ಮೊದಲೇ ಈ ಮಟ್ಟನ್ನು ಬೇಡುತ್ತಾರೆ. ಮಾಯಾಮಾಳವಗೌಳದ ಸರಳೆಗಳಿಗಿಂತ ಇದು ಸುಲಭವೆಂದು ಅವರ ಎಣಿಕೆ. ನಾನು ಬೇಡವೆನ್ನುವುದಿಲ್ಲ. ದೀರ್ಘಸ್ವರಗಳನ್ನು ಊದಿಸಿ, ಮಂದ್ರದಲ್ಲಿ ನಾದ ನಿಂತ ಮೇಲೆ, ಮೊದಲ ಎರಡು ಸ್ವರಗಳನ್ನೂ ಅವುಗಳ ನಂತರದ ಮೌನವನ್ನೂ ಕೊಡುತ್ತೇನೆ. ವಿನೋದವು ಕಲೆಯಲ್ಲಿ ಕೆಳಗಿನ ಮೆಟ್ಟಿಲೆಂದೂ, ಗಂಭೀರವಾದದ್ದನ್ನು ಕಲಿಯಲಾರದವರಿಗೆ ಅದು ಸಾಕೆಂದೂ ನಮ್ಮಲ್ಲಿ ಒಂದು ಭಾವನೆ ಬೇರೂರಿದೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಶೋಕವನ್ನು ನುಡಿಸುವವನು ತಾನೂ ಶೋಕಿಸಿದರೆ ಕೇಳುವವರು ಸಹಿಸಿಯಾರು, ಎಷ್ಟೋ ವೇಳೆ ಅದರಿಂದ ಆರ್ದ್ರರಾದಾರು. ಸಂತೋಷವನ್ನು ಹಂಚಬೇಕಾದವನಿಗೆ ಈ ಸವಲತ್ತಿಲ್ಲ. ಅವನು ಕೈಯಲ್ಲಿರುವುದನ್ನು ತಾನೇ ಮೊದಲು ವೆಚ್ಚಮಾಡಿಬಿಟ್ಟರೆ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕಾಗಿಯೇ ಒಂದು ಘನವಾದ ಕೃತಿಗೆ ಸಲ್ಲಿಸುವ ಶ್ರುತಿಶುದ್ಧಿಯನ್ನೂ ಲಯನಿಷ್ಠೆಯನ್ನೂ ಈ ಪುಟ್ಟ ಮಟ್ಟಿಗೂ ಕಡಿಮೆಯಿಲ್ಲದೆ ಸಲ್ಲಿಸಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅಪರಿಚಿತರಿಂದ ತುಂಬಿದ ಸಭೆಯೊಂದನ್ನು, ಯಾರ ಮನಸ್ಸನ್ನೂ ನೋಯಿಸದೆ, ಒಂದೇ ಕ್ಷಣದಲ್ಲಿ ಒಟ್ಟಿಗೆ ನಗಿಸುವುದು ಸಂಗೀತ ಮಾಡಬಲ್ಲ ದೊಡ್ಡ ಕೆಲಸಗಳಲ್ಲೊಂದೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.